ಯಾರೂ ಕೂರಲಾಗದ ಪಡಸಾಲೆ

ಮೊದಲೇ ಹೇಳಿಬಿಡುತ್ತೇನೆ, ಕುರ್ಚಿಯಲ್ಲಿ ತಪ್ಪಿರಲಿಲ್ಲ. ಇದನ್ನು ನಾನು ಊರ ತುಂಬ ಹೇಳಿದ್ದೇನೆ, ಕೂಗಿ ಹೇಳಿದ್ದೇನೆ, ಒಮ್ಮೆ ಉಳಿ ಕೈಯಲ್ಲಿ ಹಿಡಿದುಕೊಂಡೇ ಹೇಳಿದ್ದೇನೆ. ಕೂರುವ ಹಲಗೆ ನೆಲದಿಂದ ಹದಿನೆಂಟು ಇಂಚು, ಒರಗು ಮೂರು ಬೆರಳು ಹಿಂದಕ್ಕೆ, ತೋಳುಗಳ ತುದಿಗೆ ಸಿಂಹದ ಪಂಜ, ನಡುವೆ ಬೆತ್ತದ ಹೆಣಿಗೆ. ಕುಳಿತವನಿಗೆ ಏಳಲು ಮನಸ್ಸಾಗಬಾರದು, ಅಂಥ ಕುರ್ಚಿ. ಆದರೆ ಅದರ ಮೇಲೆ ಯಾರಿಗೂ ಕೂರಲಾಗಲಿಲ್ಲ. ಯಾಕೆ ಎಂದು ನನಗೆ ಐದು ವಾರ ಗೊತ್ತಾಗಲಿಲ್ಲ. ಗೊತ್ತಾದ ಮೇಲೂ ತಲೆ ತಿಳಿಯಾಗಲಿಲ್ಲ.

ನನ್ನ ಹೆಸರು ಮೌನೇಶ. ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. ಕೆಲಸ ಕೋಣೆ ಮಾಡುವುದು. ಗೋಡೆಯನ್ನು ಗೌಂಡಿಗಳು ಕಟ್ಟುತ್ತಾರೆ, ಆ ಗೋಡೆಗಳ ನಡುವೆ ಕಾಲವನ್ನು ನಾನು ಕೂರಿಸುತ್ತೇನೆ. ನಮ್ಮೂರಲ್ಲಿ ಕೋಣೆಯೊಳಗೆ ಯಾವ ಕಾಲದ ಸಾಮಾನಿದೆಯೋ ಆ ಕಾಲ ಒಳಗೆ ಹೋದವರನ್ನು ಹಿಡಿಯುತ್ತದೆ, ಹೊಸ್ತಿಲು ದಾಟಿ ಹೊರಗೆ ಬಂದರೆ ಬಿಡುತ್ತದೆ. ಪುರಸಭೆಯಲ್ಲಿ ಇನ್ನೂ ಬಿಳಿಯರ ಕಾಲದ ಮೇಜು ಕುರ್ಚಿಗಳಿವೆ. ಅಲ್ಲಿ ಮಗುವಿನ ಜನನದ ದಾಖಲೆ ಕೇಳಲು ಹೋದವರು ಕೈಕಟ್ಟಿ ನಿಂತು ಬರುತ್ತಾರೆ, ನಮ್ಮ ಓಣಿಯಲ್ಲೇ ಬೆಳೆದ ಗುಮಾಸ್ತ ಅವರಿಗೆ ಗದರಿಸುತ್ತಾನೆ. ಅದಕ್ಕೇ ಜನ ಅವನನ್ನು ಎದುರಿನ ಚಹಾ ಅಂಗಡಿಯಲ್ಲಿ ಹಿಡಿಯುತ್ತಾರೆ, ಅಲ್ಲಿನ ಬೆಂಚುಗಳು ಹೋದ ವರ್ಷದವು. ವಕೀಲರೊಬ್ಬರು ಜಗಳಕ್ಕೆ ಮೊದಲಿನ ವರ್ಷದ ಕೋಣೆಯೊಂದನ್ನು ನನ್ನಿಂದಲೇ ಮಾಡಿಸಿದ್ದಾರೆ, ಅಲ್ಲಿ ಕೂರಿಸಿದರೆ ಅಣ್ಣತಮ್ಮಂದಿರು ಒಂದೇ ತಟ್ಟೆಯಿಂದ ಶೇಂಗಾ ತಿನ್ನುತ್ತಾರಂತೆ. ಗಂಡಹೆಂಡಿರು ಮದುವೆಯಾದ ವರ್ಷದ ಮಂಚ, ಕಪಾಟು, ಕನ್ನಡಿ ಜೋಡಿಸಿಕೊಂಡು ಒಂದು ಕೋಣೆ ಇಟ್ಟುಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ನಾನೂ ನನ್ನ ಹೆಂಡತಿ ದ್ಯಾಮವ್ವನಿಗೆ ಅಂಥದ್ದು ಮಾಡಿಕೊಡಲೇ ಎಂದು ಕೇಳಿದ್ದೆ. "ಬ್ಯಾಡ್ರಿ, ಆ ವರ್ಷ ನೀವು ಈಗಿನಕಿಂತಾ ಕೆಟ್ಟ ಸಿಟ್ಟಿನವ್ರಿದ್ರಿ" ಎಂದಳು.

ಎರಡು ಪದ್ಧತಿಗಳನ್ನು ಹೇಳಬೇಕು. ಒಂದು, ಕೋಣೆಯೊಳಗೆ ಆಡಿದ ಮಾತಿಗೆ ಹೊರಗೆ ಯಾರೂ ಜವಾಬು ಕೇಳುವಂತಿಲ್ಲ. ಕೇಳುತ್ತ ಹೋದರೆ ಊರಲ್ಲಿ ಯಾರೂ ಯಾರ ಮುಖವನ್ನೂ ನೋಡುವಂತಿರುವುದಿಲ್ಲ. ಎರಡು, ಕೋಣೆ ಮಾಡಿದವನದು ತಪ್ಪು ಎಂದು ಹಿರಿಯರು ತೀರ್ಮಾನಿಸಿದರೆ ಅವನು ಅಂಗಡಿಯ ಬೋರ್ಡು ಇಳಿಸಬೇಕು. ಆಮೇಲೆ ಅವನು ಬಾಗಿಲು ಮಾಡಬಹುದು, ಮಣೆ ಮಾಡಬಹುದು. ಕೋಣೆ ಮಾಡುವಂತಿಲ್ಲ. ನನ್ನ ಬೋರ್ಡು ಇಪ್ಪತ್ತಾರು ವರ್ಷದಿಂದ ತೂಗುತ್ತಿದೆ.

ಗುರುಸಿದ್ಧಪ್ಪ ನನ್ನ ಗೆಳೆಯ. ಊರಿಗೆ ಅವನು ಮೆಣಸಿನಕಾಯಿ ವ್ಯಾಪಾರದ ಗುರುಸಿದ್ಧಪ್ಪನವರು, ನನಗೆ ಸಿದ್ಯಾ. ಒಂದೇ ಹಳ್ಳಿಯಿಂದ ಬಂದವರು, ಒಂದೇ ಮಾಸ್ತರರ ಕೈಯಲ್ಲಿ ಏಟು ತಿಂದವರು. ಅವನು ಹೊಸ ಮನೆ ಕಟ್ಟಿಸಿದಾಗ ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಅಂಗೈಯಗಲದ ಒಂದು ಹಳೆಯ ಫೋಟೋ ಮೇಜಿನ ಮೇಲಿಟ್ಟ. ಕಂದು ಬಣ್ಣ, ಅಂಚೆಲ್ಲ ಹುಳ ತಿಂದದ್ದು. ದೊಡ್ಡ ವಾಡೆಯೊಂದರ ಪಡಸಾಲೆ. ಕಂಬಗಳು, ತೂಗುದೀಪ, ನಡುವೆ ಕುರ್ಚಿಯಲ್ಲಿ ಒಬ್ಬರು, ಗೋಡೆಯ ಗುಂಟ ಹಲವರು.

"ನಮ್ಮ ಮುತ್ಯಾನ ವಾಡೆ" ಎಂದ, ಅವನ ಅಜ್ಜನದಂತೆ. "ನಮ್ಮಪ್ಪನ ಪೆಟ್ಟಿಗ್ಯಾಗ ಸಿಕ್ತು. ಇದ ಪಡಸಾಲಿ ಬೇಕು ನನಗ. ಒಂದ್ ಮೊಳಿ ಹೆಚ್ಚುಕಮ್ಮಿ ಆಗಬಾರ್ದು."

"ಕುರ್ಚಿ ಮ್ಯಾಲ ಕುಂತಾಂವ ನಿಮ್ಮ ಮುತ್ಯಾ ಏನು?"

"ಮತ್ತ ಯಾರ ಇರ್ತಾರ?"

ನಾನು ಫೋಟೋದಲ್ಲಿ ಮನುಷ್ಯರನ್ನು ನೋಡುವವನಲ್ಲ. ಕಂಬದ ನೆತ್ತಿಯ ಬೋದಿಗೆಯ ಕೆತ್ತನೆ ನೋಡಿದೆ, ಕುರ್ಚಿಯ ಕೂಡಿಕೆ ನೋಡಿದೆ, ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಎಂದು ನೋಡಿದೆ. ಇಂಥ ಯಜಮಾನರ ಪಡಸಾಲೆಯನ್ನು ನಮ್ಮೂರಲ್ಲಿ ಅದುವರೆಗೆ ಯಾರೂ ಮಾಡಿಸಿರಲಿಲ್ಲ. ನನ್ನ ಕೈ ಕಡಿಯತೊಡಗಿತು.

ಎಂಟು ತಿಂಗಳು ದುಡಿದೆ. ಸಾಗವಾನಿಯ ಹಳೆಯ ತೊಲೆಗಳನ್ನು ಬಿದ್ದ ಮನೆಗಳಿಂದ ಆರಿಸಿ ತಂದೆ, ಹೊಸ ಮರದ ವಾಸನೆ ಕಾಲವನ್ನು ಕೆಡಿಸುತ್ತದೆ. ಒಂದೇ ಒಂದು ಕಬ್ಬಿಣದ ಮೊಳೆ ಹೊಡೆಯಲಿಲ್ಲ, ಎಲ್ಲ ಮರದ ಬೆಣೆ. ಗೋಡೆಗೆ ಗಾರೆ ಮೆತ್ತಿಸಿ ಗಾಜಿನ ಬಾಟಲಿಯಿಂದ ಉಜ್ಜಿ ಹೊಳಪು ತರಿಸಿದೆ. ಮರಕ್ಕೆ ಅಗಸೆ ಎಣ್ಣೆ, ಜೇನುಮೇಣ. ತೂಗುದೀಪದ ಮೇಲಿನ ಹಲಗೆಗೆ ಎಣ್ಣೆಯ ಹೊಗೆ ಹಿಡಿಸಲು ಹದಿನೈದು ದಿನ ಹಗಲೆಲ್ಲ ದೀಪ ಉರಿಸಿದೆ. ಬೆಳಕಿನ ಮಾತು ಬೇರೆ, ಅದನ್ನು ಕಲಿಯದವನು ಈ ಕೆಲಸಕ್ಕೆ ಬರಬಾರದು. ಪಡುವಣ ಗೋಡೆಯ ಎರಡು ಕಿಟಕಿಗಳನ್ನು ಕಿರಿದು ಮಾಡಿ ಮೇಲೆ ಹಳದಿ ಗಾಜು ಕೂರಿಸಿದೆ. ಸಂಜೆ ನಾಲ್ಕಕ್ಕೆ ಬಿಸಿಲು ಕುರ್ಚಿಯವರೆಗೆ ಬಂದು ಅದರ ಪಾದದ ಬಳಿ ನಿಲ್ಲುತ್ತದೆ, ಗೋಡೆಯ ಗುಂಟ ನಿಂತವರ ಮುಖ ಅರೆಗತ್ತಲಲ್ಲಿ ಉಳಿಯುತ್ತದೆ. ಫೋಟೋದಲ್ಲಿ ಹಾಗಿತ್ತು. ಮಾಡಿದೆ.

ಕೊನೆಯ ಸಾಮಾನು ಇಡುವವರೆಗೆ ಕೋಣೆಯಲ್ಲಿ ಕಾಲ ಕೂರುವುದಿಲ್ಲ. ಗೃಹಪ್ರವೇಶದ ಬೆಳಿಗ್ಗೆ ಕುರ್ಚಿಯನ್ನು ಹೊತ್ತು ತಂದು ನಾನೇ ಇಟ್ಟೆ. ಇಟ್ಟದ್ದೇ ತಲೆ ತಗ್ಗಿತು. ಬೆನ್ನು ತೋರಿಸದೆ ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತ ಹೊರಗೆ ಬಂದೆ. ನಿದ್ದೆಗೆಟ್ಟದ್ದಕ್ಕೆ ಹೀಗಾಗುತ್ತಿದೆ ಎಂದುಕೊಂಡೆ.

ಪೂಜೆ ಹಿಂದಿನ ಕೋಣೆಯಲ್ಲಿ ಮುಗಿಯಿತು. ಸಿದ್ಯಾ ಜರಿಯ ರುಮಾಲು ಸುತ್ತಿಕೊಂಡು ಊರ ಪ್ರಮುಖರನ್ನು ಪಡಸಾಲೆಗೆ ಕರೆದುಕೊಂಡು ಬಂದ. ನಾನೂ ಹಿಂದೆ ಬಂದೆ. ಒಳಗೆ ಕಾಲಿಟ್ಟವರೆಲ್ಲ ಒಬ್ಬೊಬ್ಬರಾಗಿ ಗೋಡೆಗೆ ಹೋಗಿ ನಿಂತರು. ಪುರಸಭೆಯ ಮಾಜಿ ಅಧ್ಯಕ್ಷ ಗದಿಗೆಪ್ಪ ಹೋಗಿ ಮೂಲೆಯ ಕಂಬಕ್ಕೆ ಆತು ನಿಂತ. ಸಿದ್ಯಾ ನೇರ ಕುರ್ಚಿಯ ಕಡೆಗೆ ನಡೆದ, ಅರ್ಧ ದಾರಿಯಲ್ಲಿ ಹೆಜ್ಜೆ ತಿರುಗಿತು. ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಅವನೂ ಗೋಡೆಯ ಬಳಿ ಬಂದು ನನ್ನ ಪಕ್ಕ ನಿಂತ. ಕೈಕಟ್ಟಿದ. ನಲವತ್ತು ಜನ ಖಾಲಿ ಕುರ್ಚಿಯ ಕಡೆ ನೋಡುತ್ತ ನಿಂತಿದ್ದೆವು. ಯಾರೋ ಬರುವವರಿದ್ದಾರೆ, ಬಂದ ಮೇಲೆ ಎಲ್ಲ ಶುರುವಾಗುತ್ತದೆ ಎಂದು ನನಗೂ ಅನ್ನಿಸುತ್ತಿತ್ತು. ಒಂದು ಗಂಟೆ ಕಳೆಯಿತು. ಯಾರೂ ಬರಲಿಲ್ಲ. ಕೊನೆಗೆ ಸಿದ್ಯಾನ ಹೆಂಡತಿ ಶಿವಗಂಗಾ ಅಡುಗೆಮನೆಯಿಂದ ಕೂಗಿದಳು, "ಹೋಳಿಗಿ ಆರಾಕತ್ತಾವು, ಏನ್ ಮಾಡಾಕತ್ತೀರಿ ಒಳಗ?" ಆ ದನಿಗೆ ಒಬ್ಬೊಬ್ಬರೇ ತಲೆ ತಗ್ಗಿಸಿಕೊಂಡು ಹೊರಗೆ ಬಂದೆವು. ಅಂಗಳದಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಕಾಲು ಸೆಟೆದಿತ್ತು.

"ಏನಾತೋ ಇದು?" ಎಂದ ಸಿದ್ಯಾ.

"ನನ್ನೇನ್ ಕೇಳ್ತೀ? ಮನಿ ನಿಂದು. ಹೋಗಿ ಕುಂದ್ರಬೇಕಿಲ್ಲೋ?"

"ಕುಂದ್ರಾಕ ಹೊಂಟಿದ್ದೆ. ಕಾಲ ಒಲ್ಲೆ ಅಂದೂವು."

ಮರುದಿನದಿಂದ ಹುಡುಕಾಟ. ಬಂದುಹೋಗುವವರ ಮೈಮೇಲಿನದು, ಕೈಯಲ್ಲಿನದು ಲೆಕ್ಕಕ್ಕಿಲ್ಲ, ಆದರೆ ಕೋಣೆಯ ಸಾಮಾನಿನಲ್ಲಿ ಬೇರೆ ಕಾಲದ ಒಂದು ಚೂರು ಸೇರಿದ್ದರೂ ಒಳಗಿನವರು ತಡವರಿಸುತ್ತಾರೆ. ನಮ್ಮ ಕೆಲಸದಲ್ಲಿ ಆಗುವ ತಪ್ಪು ಅದೊಂದೇ. ಏಣಿ ಹಾಕಿಕೊಂಡು ಮಾಡಿನ ಪ್ರತಿ ಜಂತಿಗೂ ಅಯಸ್ಕಾಂತ ಹಿಡಿದು ನೋಡಿದೆ, ಒಂದು ಮೊಳೆ ಇಲ್ಲ. ಗಾರೆ ಕೆರೆದು ನೋಡಿದೆ, ಸಿಮೆಂಟಿನ ಕಣ ಇಲ್ಲ. ಕುರ್ಚಿಯನ್ನು ಅಳೆಯಬೇಕು ಎಂದರೆ ಒಳಗೆ ನನ್ನ ಕೈ ಅದರ ಮೇಲೆ ಹೋಗುವುದೇ ಇಲ್ಲ. ಅಪ್ಪಣೆಯಿಲ್ಲದೆ ಮುಟ್ಟುವುದು ಹೇಗೆ ಎಂದು ಅಲ್ಲೇ ನಿಲ್ಲುತ್ತಿದ್ದೆ. ಹೊರಗೆ ಬಂದರೆ, ಯಾರ ಅಪ್ಪಣೆ, ನಾನೇ ಮಾಡಿದ ಕುರ್ಚಿ! ಮತ್ತೆ ಒಳಗೆ ಹೋದರೆ ಮತ್ತೆ ಅದೇ. ಕೊನೆಗೆ ನಾನೂ ಸಿದ್ಯಾನೂ ಬಾಗಿಲಾಚೆ ನಿಂತು ಹಗ್ಗದ ಕುಣಿಕೆ ಎಸೆದು ಎಸೆದು ಕುರ್ಚಿಯ ಕಾಲಿಗೆ ಸಿಕ್ಕಿಸಿ ಅಂಗಳಕ್ಕೆ ಎಳೆದುಕೊಂಡು ಬಂದೆವು. ಅಂಗಳದಲ್ಲಿ ನಾನು ಕುಳಿತೆ. ಆರಾಮಾಗಿ ಕುಳಿತೆ. ಸಿದ್ಯಾ ಕುಳಿತ, ಕಾಲು ಚಾಚಿ ಎಲೆ ಅಡಿಕೆ ಹಾಕಿಕೊಂಡ.

"ಭಾಳ ಚಲೋ ಆಗೈತಲ್ಲೋ ಮೌನ್ಯಾ!"

"ಮತ್ತ? ಒಳಗ ಏನ್ ಮುಳ್ಳ ಬರ್ತಾವ ಇದಕ್ಕ?"

ಒಳಗಿಟ್ಟೆವು. ಇಬ್ಬರೂ ಗೋಡೆಗೆ ಹೋಗಿ ನಿಂತೆವು. ಹೊರಗೆ ಬಂದು ಇಬ್ಬರೂ ಬೈದುಕೊಂಡೆವು. ಯಾರಿಗೆ ಬೈಯುತ್ತಿದ್ದೇವೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಶಿವಗಂಗಾಳ ಪಾಡು ಇನ್ನೊಂದು. ಅವಳಿಗೆ ಪಡಸಾಲೆಯೊಳಗೆ ಬರಲಿಕ್ಕೇ ಆಗುತ್ತಿರಲಿಲ್ಲ. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತು ಮಾತಾಡುತ್ತಿದ್ದಳು, ಹೊರಗೆ ಹೋಗಬೇಕಾದರೆ ಹಿತ್ತಿಲು ಬಳಸಿಕೊಂಡು ಹೋಗುತ್ತಿದ್ದಳು. "ಅಣ್ಣಾರ, ಏನ್ ಕೋಣಿ ಮಾಡಿ ಕೊಟ್ರಿ ನೀವು? ನನ್ನ ಮನಿಗೆ ನಾನ ಕಳ್ಳಿ ಆಗೀನಿ" ಎಂದು ಒಂದು ದಿನ ಸಂದಿಯಿಂದಲೇ ಹೇಳಿದಳು. ನಾನು ರೇಗಿದೆ. ರೇಗಿದ ಮೇಲೆ ಪಾಪ ಅನ್ನಿಸಿತು.

ನಾಲ್ಕನೆಯ ವಾರ ದ್ಯಾಮವ್ವ ಸಂತೆಯಿಂದ ಬಂದವಳೇ ಚೀಲ ಕೆಳಗಿಟ್ಟು, "ನಿಮ್ಮ ಕುರ್ಚಿ ಸೊಟ್ಟ ಐತಂತ್ರೀ. ನಿಮ್ಮ ಗೆಳ್ಯಾರ ಹೇಳ್ಕೋತ ತಿರಗ್ಯಾಡಾಕತ್ತಾರ" ಎಂದಳು. ಚಪ್ಪಲಿ ಮೆಟ್ಟಿಕೊಳ್ಳದೆ ಓಡಿದೆ. ಸಿದ್ಯಾ ಅಂಗಡಿಯಲ್ಲಿ ಮೆಣಸಿನಕಾಯಿ ಚೀಲಗಳ ನಡುವೆ ಕುಳಿತಿದ್ದ.

"ಲೇ ಸಿದ್ಯಾ, ಊರಾಗ ಏನ್ ಹೇಳ್ಕೋತ ಹೊಂಟೀದಿ?"

"ಏನಿಲ್ಲಪಾ. ಎಲ್ಲೋ ಒಂದೀಟು ತಪ್ಪಾಗೈತಿ ಅಂದೆ, ಅಷ್ಟ."

"ಎಲ್ಲಿ? ಯಾವ ಕೂಡಿಕಿ? ಯಾವ ಬೆಣಿ? ನಡಿ ತೋರಸು."

"ನನಗ ಹ್ಯಾಂಗ ಗೊತ್ತಾಗಬೇಕು? ಬಡಗ್ಯಾ ನೀ ಇದ್ದಿ." ಅವನು ಒಂದು ಮೆಣಸಿನಕಾಯಿ ಮುರಿದು ಬೀಜ ಉದುರಿಸುತ್ತ ಹೇಳಿದ, "ನೋಡಪಾ, ನಮ್ಮ ಮುತ್ಯಾ ಕುಂತ ಕುರ್ಚಿ ಮ್ಯಾಲ ನನಗ ಕುಂದ್ರಾಕ ಆಗವಲ್ದು ಅಂದ್ರ ತಪ್ಪು ಕುರ್ಚೀದ ಇರಬೇಕು. ಇಲ್ಲಾಂದ್ರ..."

"ಇಲ್ಲಾಂದ್ರ ಏನು?"

"ಇಲ್ಲಾಂದ್ರ ಏನಿಲ್ಲ."

ಅವನ ಕಣ್ಣು ಕೆಂಪಾಗಿತ್ತು, ಸಂಕಟಕ್ಕೋ ಮೆಣಸಿನಕಾಯಿಯ ಘಾಟಿಗೋ ನನಗೆ ತಿಳಿಯಲಿಲ್ಲ. "ಹಿರಿಯಾರ್ನ ಕರಸು" ಎಂದು ಕೂಗಿದೆ. "ಅವ್ರ ಬಂದು ನೋಡ್ಲಿ. ತಪ್ಪು ಅಂದ್ರ ನನ್ನ ಬೋರ್ಡು ನನ್ನ ಕೈಯಾರೆ ಇಳಸತೀನಿ." ಇಂಥ ಮಾತುಗಳು ನನ್ನ ಬಾಯಿಂದ ಬೇಗ ಬರುತ್ತವೆ. ಬಂದ ಮೇಲೆ ಅವುಗಳ ಹಿಂದೆ ನಾನು ನಡೆಯಬೇಕಾಗುತ್ತದೆ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮೂವರು ಹಿರಿಯರು ಬಂದರು, ಗದಿಗೆಪ್ಪ ಮುಂದೆ. ಅಂಗಳದಲ್ಲಿ ನಿಂತಾಗ ಅವನ ಗತ್ತೇ ಗತ್ತು. "ಮೌನೇಶಪ್ಪಾ, ಏನ ಇರ್ಲಿ, ನ್ಯಾಯದ ಪ್ರಕಾರ ನೋಡತೀವಿ" ಎಂದ. ಎಲ್ಲರೂ ಪಡಸಾಲೆಗೆ ಹೋದೆವು. ಹೋದದ್ದೇ ಮೂವರೂ ಗೋಡೆಗೆ ಸರಿದರು. ನಾನೂ ಸಿದ್ಯಾನೂ ಅವರ ಪಕ್ಕ. ನೋಡುವುದಕ್ಕೆ ಬಂದವರು ನೋಡಲಿಲ್ಲ, ನೆಲ ನೋಡಿದರು.

ಆಗ ಒಲೆ ರಿಪೇರಿಯ ಜಯವಂತ ಬಂದ. ಬಸ್ ನಿಲ್ದಾಣದ ಬಳಿ ಎರಡು ವರ್ಷದಿಂದ ಗ್ಯಾಸ್ ಒಲೆ ರಿಪೇರಿ ಮಾಡುತ್ತ ಇರುವವನು, ಬೇರೆ ಊರಿನವನು. ತೆಳ್ಳಗಿನ ಮನುಷ್ಯ, ಯಾರು ಏನು ಕೇಳಿದರೂ ನಾಚಿಕೊಂಡು "ಹ್ಞೂಂರೀ ಅಣ್ಣಾ" ಎನ್ನುತ್ತಾನೆ. ಶಿವಗಂಗಾ ಅವನಿಗೆ ಹಿತ್ತಿಲಿನಿಂದ ಬಾ ಎಂದು ಹೇಳಿದ್ದಳಂತೆ, ಗೊತ್ತಾಗದೆ ಮುಂದಿನ ಬಾಗಿಲಿಂದ ಬಂದ. ಹೆಗಲಲ್ಲಿ ನಟ್ಟು ತಿರುಗಿಸುವ ಪಾನಾ, ಬರ್ನರುಗಳ ಚೀಲ. ಹೊಸ್ತಿಲು ದಾಟಿದವನು ಚೀಲವನ್ನು ನೆಲಕ್ಕೆ ಬಿಟ್ಟ. ಬೆನ್ನು ನೆಟ್ಟಗಾಯಿತು. ಆ ಕಡೆ ಈ ಕಡೆ ನೋಡದೆ ನೇರ ನಡೆದು ಹೋಗಿ ಕುರ್ಚಿಯ ಮೇಲೆ ಕುಳಿತ. ಕಾಲ ಮೇಲೆ ಕಾಲು. ಕೈ ಸಿಂಹದ ಪಂಜದ ಮೇಲೆ.

"ಯಾರಲ್ಲಿ? ನೀರು."

ಗದಿಗೆಪ್ಪ ಓಡಿದ. ಅರವತ್ತೆಂಟು ವರ್ಷದ ಮನುಷ್ಯ, ಧೋತರದ ತುದಿ ಎತ್ತಿಕೊಂಡು ಓಡಿ ಮೂಲೆಯ ಹೂಜಿಯಿಂದ ನೀರು ಬಗ್ಗಿಸಿ ತಂದು ಬಗ್ಗಿ ನಿಂತ.

"ಯಾರ ಪೈಕಿ ನೀ?"

"ದನಾ ಕಾಯೋ ಕರೆಪ್ಪನ ಮಗರೀ ದಣೀ."

"ದನ ಬಡಕಲಾಗ್ಯಾವು. ಹೇಳು ನಿಮ್ಮಪ್ಪಗ." ಕಣ್ಣು ನನ್ನ ಕಡೆ ತಿರುಗಿತು. "ನೀ?"

"ಬಡಿಗೇರ ಕಾಳಪ್ಪನ ಮಗರೀ. ಈ ಕುರ್ಚಿ ನಾನ ಮಾಡಿದ್ದರೀ."

ಅವನು ಅಂಗೈಯಿಂದ ಕುರ್ಚಿಯ ತೋಳನ್ನು ಒಮ್ಮೆ ಸವರಿದ. "ಚಲೋ ಮಾಡೀದಿ. ಹಿಂದ ಹೋಗಿ ಊಟಾ ಮಾಡಿ ಹೋಗು."

ನನ್ನ ಕಣ್ಣಲ್ಲಿ ನೀರು ಬಂತು. ಐವತ್ತೆರಡು ವರ್ಷದಲ್ಲಿ ಯಾರ ಹೊಗಳಿಕೆಗೂ ಬಾರದ ನೀರು. ಒಲೆ ರಿಪೇರಿಯವನ ಒಂದು ಮಾತಿಗೆ ನನ್ನ ಎದೆ ತುಂಬಿ ಕಾಲಿಗೆ ಬೀಳಬೇಕು ಅನ್ನಿಸಿತು. ಇದನ್ನು ಬರೆಯುವಾಗ ನನ್ನ ಮೈ ಉರಿಯುತ್ತಿದೆ, ಆದರೆ ಆಗ ಸಂತೋಷವೇ ಆಗಿತ್ತು. ಎರಡೂ ನಿಜ. ಇದನ್ನು ಏನು ಮಾಡಬೇಕೋ ನನಗೆ ಗೊತ್ತಿಲ್ಲ.

"ಆ ಕಂಬದ ಕಡೇಕ ನಿಂತಾಂವ ಯಾಂವ?"

ಸಿದ್ಯಾ ಒಂದು ಹೆಜ್ಜೆ ಮುಂದೆ ಬಂದ. ಹೆಗಲ ಮೇಲಿನ ರುಮಾಲನ್ನು ಕಂಕುಳಲ್ಲಿ ಅವುಚಿಕೊಂಡ. "ಕೊಳಗ ಹಿಡಿಯೋ ನಿಂಗಪ್ಪನ ಮಗರೀ ದಣೀ. ನಿಮ್ಮ ಕಣಜದಾಗ ಜೋಳಾ ಅಳೀತಾನರೀ ನಮ್ಮಪ್ಪ."

"ಅಳತಿ ಸರಿ ಹಾಕತಾನೇನು?"

"ಹೌದರೀ ದಣೀ. ಒಂದ್ ಕಾಳ ಹೆಚ್ಚುಕಮ್ಮಿ ಆಗೂದಿಲ್ಲರೀ."

ಅಷ್ಟರಲ್ಲಿ ಅಡುಗೆಮನೆಯಿಂದ ಶಿವಗಂಗಾ, "ಒಲಿಯವ್ರು ಬಂದ್ರೇನ್ರೀ? ಬ್ಯಾಳಿ ಅರ್ಧಕ್ಕ ನಿಂತಾವು!" ಎಂದು ಕೂಗಿದಳು. "ಏನದು ಗದ್ಲ?" ಎಂದು ಹುಬ್ಬು ಗಂಟಿಕ್ಕಿ ಜಯವಂತ ಎದ್ದ. ನಾವೆಲ್ಲ ದಾರಿ ಬಿಟ್ಟೆವು, ಗದಿಗೆಪ್ಪ ಅವನ ಚೀಲ ಹೊತ್ತು ಅಡುಗೆಮನೆಯ ಹೊಸ್ತಿಲ ಮೇಲಿಟ್ಟ. ಅಡುಗೆಮನೆಯ ಹೊಸ್ತಿಲು ದಾಟಿದ ಕೂಡಲೇ ಅವನ ಭುಜಗಳು ಇಳಿದವು. "ತಡಾ ಆತ್ರೀ ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ, ಏನಾಗೈತ್ರಿ ಒಲಿಗೆ?" ಎನ್ನುವುದು ಕೇಳಿಸಿತು.

ನಾವು ಐವರೂ ಹೊರಗೆ ಕಟ್ಟೆಯ ಮೇಲೆ ಬಂದು ನಿಂತೆವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನನ್ನ ತಲೆಯೊಳಗೆ ಫೋಟೋ ತಿರುಗುತ್ತಿತ್ತು. ಕುರ್ಚಿಯವರಿಂದ ದೂರ, ಕಂಬದ ಬಳಿ, ಕೊಳಗ ಹಿಡಿದು ನಿಂತ ಒಬ್ಬ ಮನುಷ್ಯ ಅದರಲ್ಲಿದ್ದ, ಒಳಗೆ ಸಿದ್ಯಾ ತನ್ನಪ್ಪ ಎಂದ ನಿಂಗಪ್ಪ, ಅಂದರೆ ಹೊರಗೆ ಅವನ ಮುತ್ಯಾ. ಆ ಕಂಬದ ಬೋದಿಗೆಯನ್ನು ನಾನು ನೂರು ಸಲ ನೋಡಿದ್ದೆ, ಅವನನ್ನು ಒಂದು ಸಲವೂ ನೋಡಿರಲಿಲ್ಲ. ಕೋಣೆ ಸರಿಯಾಗಿತ್ತು. ತೀರ ಸರಿಯಾಗಿತ್ತು. ಆ ಕಾಲದಲ್ಲಿ ಅಂಥ ಕುರ್ಚಿಯ ಮೇಲೆ ಕೂರುವವರು ನಮ್ಮೂರಲ್ಲಿ ಯಾರ ಮನೆಯಲ್ಲೂ ಇರಲಿಲ್ಲ, ಬೇರೆ ಊರಿಂದ ಬಂದ ಒಲೆಯವನ ಮನೆತನದಲ್ಲಿ ಇದ್ದರು.

ಗದಿಗೆಪ್ಪ ಗಂಟಲು ಸರಿಮಾಡಿಕೊಂಡ. ಗತ್ತು ಮರಳಿ ಬಂದಿತ್ತು, ದನಿ ಮಾತ್ರ ಸ್ವಲ್ಪ ಸಣ್ಣದಾಗಿತ್ತು. "ನನಗನ್ನಿಸ್ತೈತಿ, ಕುರ್ಚಿ ಎರಡ ಬೆರಳ ಎತ್ತರ ಆಗೈತಿ." ಉಳಿದಿಬ್ಬರು ತಲೆಯಾಡಿಸಿದರು. "ಎಂಥವ್ರ ಕಡಿಂದನೂ ತಪ್ಪಾಕ್ಕಾವು. ಬೋರ್ಡು ಇಳಸು ಮೌನೇಶಪ್ಪಾ. ಬಾಗಲಾ ಕಿಟಕಿ ಮಾಡ್ಕೊಂಡಿರು, ಯಾರೂ ನಿನಗ ಏನೂ ಅನ್ನೂದಿಲ್ಲ."

"ಎರಡ ಬೆರಳ?" ನನ್ನ ದನಿ ಎದುರಿನ ಮನೆಗೆ ಕೇಳಿಸಿತು, ಅವರು ಕಿಟಕಿ ತೆರೆದರು. "ಹಂಗಾರ ಆ ಒಲಿಯವ ಹ್ಯಾಂಗ ಕುಂತ?"

"ಯಾರು? ಎಲ್ಲಿ ಕುಂತ?" ಗದಿಗೆಪ್ಪ ನನ್ನ ಕಣ್ಣಲ್ಲಿ ಕಣ್ಣಿಟ್ಟ. "ಒಳಗಿಂದು ಹೊರಗ ಕೇಳಬ್ಯಾಡ. ನಿನಗೇನ್ ಪದ್ಧತಿ ಗೊತ್ತಿಲ್ಲೇನು?"

ನಾನು ಸಿದ್ಯಾನ ಕಡೆ ತಿರುಗಿದೆ. ಇಬ್ಬರಿಗೂ ಗೊತ್ತಿತ್ತು. ನಾನು ಬಾಯಿ ಬಿಟ್ಟು, ಇವನ ಮುತ್ಯಾ ಆ ವಾಡೆಯಲ್ಲಿ ಜೋಳ ಅಳೆಯುತ್ತಿದ್ದ ಎಂದರೆ ನನ್ನ ಬೋರ್ಡು ಉಳಿಯುತ್ತದೆ. ಪದ್ಧತಿ ಮುರಿದವನು ಎಂದು ಜನ ನಾಲ್ಕು ದಿನ ಬೈಯುತ್ತಾರೆ, ಅದು ನನಗೆ ರೂಢಿ. ಆದರೆ ಊರಿಗೆಲ್ಲ ನಮ್ಮ ವಾಡೆ, ನಮ್ಮ ವಾಡೆ ಎಂದು ಹೇಳಿಕೊಂಡು ಬಂದ ಇವನು ನಾಳೆ ಅಂಗಡಿಯ ಬಾಗಿಲು ತೆರೆಯುವುದು ಹೇಗೆ? ನಾನು ಸುಮ್ಮನಿದ್ದರೆ ನನ್ನ ಇಪ್ಪತ್ತಾರು ವರ್ಷ ಹೋಗುತ್ತದೆ. ಮಾತು ಹಲ್ಲಿನವರೆಗೆ ಬಂದಿತ್ತು. ಸಿಟ್ಟಿನ ಮನುಷ್ಯನಿಗೆ ಹಲ್ಲಿನಿಂದೀಚೆಗೆ ತಡೆಯಿಲ್ಲ.

"ಮೌನ್ಯಾ" ಎಂದ ಸಿದ್ಯಾ. "ನನಗ ಗೊತ್ತಿರ್ಲಿಲ್ಲೋ." ರುಮಾಲಿನ ಅಂಚು ಹಿಂಡುತ್ತ, "ಗೊತ್ತಿತ್ತು ಅಂತ ನೀ ಅಂದ್ರೂ ನಡೀತೈತಿ" ಎಂದ. ಹೇಳು ಎಂದೂ ಅನ್ನಲಿಲ್ಲ, ಹೇಳಬೇಡ ಎಂದೂ ಅನ್ನಲಿಲ್ಲ. ನನಗೆ ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು, ಹಾಗೇ ಅವನನ್ನು ಅಲ್ಲಿಂದ ಎಲ್ಲಿಗಾದರೂ ಕರೆದುಕೊಂಡು ಹೋಗಿಬಿಡಬೇಕು ಎಂದೂ ಅನ್ನಿಸಿತು.

"ಇಕಾ, ಇಲ್ಲಿ ಬರ್ರಿ ಎಲ್ಲಾರೂ!"

ಶಿವಗಂಗಾಳ ದನಿ. ಅಡುಗೆಮನೆಯಿಂದಲ್ಲ, ಪಡಸಾಲೆಯೊಳಗಿಂದ. ಓಡಿಹೋಗಿ ಬಾಗಿಲಲ್ಲಿ ನಿಂತು ನೋಡಿದೆವು. ನನ್ನ ಪಡಸಾಲೆಯ ನಟ್ಟನಡುವೆ, ಸಾಗವಾನಿಯ ಕಂಬಗಳ ಮಧ್ಯೆ, ಅಡುಗೆಮನೆಯ ಬಾಗಿಲಿಂದ ಮೊದಲು ಒಳಗೆ ತಳ್ಳಿದ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅವಳು ಕುಳಿತಿದ್ದಳು. ತಲೆಯ ಮೇಲೆ ಸೆರಗು ಎಳೆದುಕೊಳ್ಳುವಳು, ಮತ್ತೆ ಸರಿಸುವಳು, ಮತ್ತೆ ಎಳೆದುಕೊಳ್ಳುವಳು. ಕಾಲ ಕದಡಿ ಹೋಗಿತ್ತು.

"ಐದ್ ವಾರಾತು" ಎಂದಳು. "ನನ್ನ ಮನಿ ಪಡಸಾಲ್ಯಾಗ ನಾ ಕಾಲಿಟ್ಟಿಲ್ಲ. ದಣ್ಯಾರು ಬರ್ತಾರ... ಯಾವ ದಣಿ? ಯಾರೂ ಬರೂದಿಲ್ಲ. ನನಗ ಕಾಲ ನೋಯಸ್ತಾವು, ನಾ ಕುಂತೀನಿ. ಏನ್ ತೀರ್ಪ ಹೇಳ್ತೀರಿ ಹೇಳ್ರಿ."

ಗದಿಗೆಪ್ಪನ ಮುಖದ ಮೇಲೆ ನಿರಾಳ ಹರಡಿದ್ದನ್ನು ನಾನು ಕಂಡೆ. "ಮನಿಯವ್ರ ಕಾಲ ಕೆಡಿಸಿದ ಕೋಣಿ ಮ್ಯಾಲ ತೀರ್ಪ ಹೇಳಾಕ ಬರೂದಿಲ್ಲ. ತಪ್ಪು ಯಾರದೂ ಅಲ್ಲ ಅಂದಂಗಾತು" ಎಂದ. ಆಮೇಲೆ ಪದ್ಧತಿ ಪೂರ್ತಿ ಹೇಳಬೇಕಲ್ಲ, ನನ್ನ ಕಡೆ ನೋಡಿದ. "ಮಾಡಿದಾಂವ ಈಗಿಂದೀಗ ಅದನ್ನ ಹೊರಗ ಒಗೆದ್ರ ಮಾತು ಬ್ಯಾರೆ, ಆಗ ಮೊದಲಿನ ತೀರ್ಪ ಹಾಂಗ ನಿಂತಂಗ. ಒಗೀತಿ ಏನು?"

ಯಾರ ಉತ್ತರಕ್ಕೂ ಕಾಯದೆ ನಾನು ಒಳಗೆ ನುಗ್ಗಿದೆ. ಒಗೆಯಲಿಕ್ಕೇ ನುಗ್ಗಿದೆ. ಎಂಟು ತಿಂಗಳು ಒಂದು ಮೊಳೆ ತಾಗಿಸದೆ ಮಾಡಿದ ಕೋಣೆ. ನನ್ನ ಕೈಯಿಂದ ಇನ್ನೊಂದು ಸಲ ಇಂಥದ್ದು ಆಗುವುದಿಲ್ಲ. ಅದರ ಹೊಟ್ಟೆಯಲ್ಲಿ ಈ ಕೆಂಪು ಗಡ್ಡೆ! ಒಳಗೆ ತಲೆ ತಗ್ಗುತ್ತಿತ್ತು, ಅರ್ಧಕ್ಕೆ ನಿಲ್ಲುತ್ತಿತ್ತು. ಶಿವಗಂಗಾ ಎದ್ದು ನಿಂತಳು. "ತಗೋರಿ ಅಣ್ಣಾರ, ಒಗೀರಿ" ಎಂದು ಕುರ್ಚಿ ಎತ್ತಿ ನನ್ನ ಕೈಗೇ ಕೊಟ್ಟಳು. ಅದಕ್ಕೆ ತೂಕವೇ ಇರಲಿಲ್ಲ. ಯಾವುದೋ ಯಂತ್ರ ಅರ್ಧ ನಿಮಿಷದಲ್ಲಿ ಉಗುಳಿದ್ದು. ಒಂದು ಕಾಲು ಬಿರುಕು ಬಿಟ್ಟಿತ್ತು, ಅದಕ್ಕೆ ತಂತಿ ಸುತ್ತಿದ್ದರು. ಆ ತಂತಿಯನ್ನು ಯಾರೋ ಅಡ್ಡಾದಿಡ್ಡಿ ಸುತ್ತಿದ್ದರು, ನನಗೆ ಅದನ್ನು ಬಿಚ್ಚಿ ಸರಿಯಾಗಿ ಸುತ್ತಬೇಕು ಅನ್ನಿಸಿತು.

ಸಿದ್ಯಾ ನನ್ನ ಹಿಂದೆ ಒಳಗೆ ಬಂದಿದ್ದ. ಗೋಡೆಗೆ ಹೋಗಲು ಕಾಲು ಎಳೆಯುತ್ತಿತ್ತು, ಬಿಡುತ್ತಿತ್ತು. ನಡುವೆ ಎಲ್ಲೋ ನಿಂತು, ಕೈಗಳನ್ನು ಕಟ್ಟಬೇಕೋ ಬಿಡಬೇಕೋ ತಿಳಿಯದೆ ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದ.

"ದಣೀ... ಲೇ ಮೌನ್ಯಾ" ಎಂದ. "ಒಗದ ಬಿಡ್ತೀ ಏನು?"

ಬಾಗಿಲಲ್ಲಿ ಮೂವರು ಹಿರಿಯರು. ಹಿಂದಿನ ಬಾಗಿಲಲ್ಲಿ ಪಾನಾ ಹಿಡಿದು ನಿಂತ ಜಯವಂತ, ಏನು ನಡೆಯುತ್ತಿದೆ ಎಂದು ಗೊತ್ತಾಗದೆ ಎಲ್ಲರಿಗೂ ಒಂದೊಂದು ಸಲ ನಗು ತೋರಿಸುತ್ತಿದ್ದ. ನಾನು ಮಾಡಿದ ಕುರ್ಚಿ ಒಂದು ಕಡೆ. ಬಿಸಿಲು ಇನ್ನೂ ಬಂದಿರಲಿಲ್ಲ, ಅದು ಸಂಜೆಯದು. ಕುರ್ಚಿ ನೆರಳಲ್ಲಿತ್ತು, ಆದರೂ ಚೆನ್ನಾಗಿ ಕಾಣುತ್ತಿತ್ತು. ಎಲ್ಲಿಯೂ ಒಂದು ಕೂದಲೆಳೆಯಷ್ಟು ತಪ್ಪಿರಲಿಲ್ಲ.

ಪ್ಲಾಸ್ಟಿಕ್ ಕುರ್ಚಿಯನ್ನು ಕೆಳಗಿಟ್ಟೆ. ಅದರ ಮೇಲೆ ಕುಳಿತೆ. ಮಂಡಿ ಬಾಗಿತು. ಐದು ವಾರದಲ್ಲಿ ಮೊದಲ ಸಲ ಆ ಕೋಣೆಯಲ್ಲಿ ನನ್ನ ಮಂಡಿ ಬಾಗಿತು. ಬಾಗಿಲಲ್ಲಿದ್ದ ಹಿರಿಯರು ಒಬ್ಬೊಬ್ಬರಾಗಿ ಸದ್ದಿಲ್ಲದೆ ಹೊರಟುಹೋದರು.

ಸಿದ್ಯಾ ಅಲ್ಲೇ ನಿಂತಿದ್ದ. "ನಾ ಎಲ್ಲಿ ಕುಂದ್ರಲೋ?" ಎಂದ.

"ಹಿತ್ತಲದಾಗ ಇನ್ನೂ ಇರಬೇಕು. ಹೋಗಿ ಹೊತ್ಕೊಂಡ್ ಬಾ" ಎಂದೆ. "ಇಲ್ಲಿ ತಂದ್ ಕೊಡೋರು ಯಾರೂ ಇಲ್ಲ."

ಅವನು ಹೋದ. ಬರುವಾಗ ಎರಡು ಹೊತ್ತುಕೊಂಡು ಬಂದ. ಮೊದಲನೆಯದನ್ನು ಹೆಂಡತಿಯ ಹತ್ತಿರ ಇಟ್ಟು, ಅವಳು ಕೂರುವವರೆಗೆ ಕಾದು, ಆಮೇಲೆ ತಾನು ಕುಳಿತ. ಯಾವ ಕಾಲದ ಯಾವ ಯಜಮಾನ ಹಾಗೆ ಮಾಡಿದ್ದನೋ, ನನಗಂತೂ ಗೊತ್ತಾಗಲಿಲ್ಲ.